ವಾರಸುದಾರರಿಲ್ಲದ ಮೀಟರು



ಈ ದತ್ತಿ ಉಪನ್ಯಾಸದ ಆಶಯಕ್ಕೆ ತಕ್ಕಂತೆ ಊರಿನ ದಿನನಿತ್ಯದ ಬದುಕಿಗೆ ಉಪಯೋಗವಾಗುವ ವಿಷಯವನ್ನೇ ಆರಿಸಿಕೊಳ್ಳಿ ಎಂದು ಸಂಘಟಕರು ಹೇಳಿದ್ದರು. ವಿದ್ಯುತ್ ಎಂಜಿನಿಯರಾಗಿ ಕೆಲಸ ಮಾಡಿ, ನಿವೃತ್ತಿಯ ನಂತರ ಬೆಂಗಳೂರಿನ ಅಪಾರ್ಟ್‌ಮೆಂಟುಗಳಲ್ಲಿ ಕರೆಂಟಿನ ಲೆಕ್ಕ ತಪಾಸಣೆ ಮಾಡುತ್ತಿರುವವಳು ನಾನು. ಆದ್ದರಿಂದ ನನಗೆ ಗೊತ್ತಿರುವ ಒಂದೇ ಸಂಗತಿಯನ್ನು ಹಿಡಿದು ಮಾತಾಡುತ್ತೇನೆ. ಅದು ಅಪಾರ್ಟ್‌ಮೆಂಟಿನ ಕಾಮನ್ ಮೀಟರು.

ನಿಮ್ಮ ಫ್ಲ್ಯಾಟಿನ ಕರೆಂಟ್ ಬಿಲ್ಲು ಎಷ್ಟು ಎಂದು ಕೇಳಿದರೆ ಇಲ್ಲಿರುವ ಬಹುಪಾಲು ಜನ ಥಟ್ಟನೆ ಹೇಳಬಲ್ಲಿರಿ. ನಿಮ್ಮ ಕಟ್ಟಡದ ಲಿಫ್ಟು, ಪಂಪು, ಬೇಸ್‌ಮೆಂಟಿನ ದೀಪ, ಕೊಳಚೆ ನೀರು ಶುದ್ಧೀಕರಿಸುವ ಎಸ್‌ಟಿಪಿ, ಇವೆಲ್ಲಕ್ಕೂ ಸೇರಿ ತಿಂಗಳಿಗೆ ಎಷ್ಟು ಬರುತ್ತದೆ ಎಂದು ಕೇಳಿದರೆ? ಖಜಾಂಚಿಯನ್ನು ಬಿಟ್ಟರೆ ಉತ್ತರ ಗೊತ್ತಿರುವವರು ಕಡಿಮೆ. ಅದು ಮೇಂಟೆನೆನ್ಸಿನೊಳಗೆ ಸೇರಿ, ಚದರಡಿಗೆ ಇಷ್ಟು ಎಂದು ಹರಿದು ಹಂಚಿಹೋಗಿರುತ್ತದೆ. ಸೆಕ್ಯುರಿಟಿ ಸಂಬಳ, ಹೌಸ್‌ಕೀಪಿಂಗ್, ಲಿಫ್ಟಿನ ವಾರ್ಷಿಕ ನಿರ್ವಹಣಾ ಒಪ್ಪಂದ (ಎಎಂಸಿ) ಇವುಗಳ ನಡುವೆ ಅದೂ ಒಂದು ಸಾಲು. ಕಟ್ಟುವವರು ಎಲ್ಲರೂ, ನೋಡುವವರು ಯಾರೂ ಇಲ್ಲ. ಕರೆಂಟ್ ಉಳಿಸುವ ಉಪಕರಣ ಪೇಟೆಯಲ್ಲಿದೆ, ಅದಕ್ಕೆ ಸರ್ಕಾರದ ಸಹಾಯಧನವೂ ಅಷ್ಟಿಷ್ಟಿದೆ. ಆದರೆ ಆ ಹಣ ಬಂದು ತಲುಪಬೇಕಾದ ಮೀಟರಿಗೆ ವಾರಸುದಾರರಿಲ್ಲ. ಇವತ್ತು ನಾನು ಹೇಳಬೇಕೆಂದಿರುವುದು ಇಷ್ಟೇ. ಉಳಿದದ್ದು ಇದರ ವಿವರ.

ಮೊದಲು ಬೇಸ್‌ಮೆಂಟಿಗೆ ಇಳಿಯೋಣ. ಹತ್ತು ಹದಿನೈದು ವರ್ಷ ಹಳೆಯ ಕಟ್ಟಡವಾದರೆ ಅಲ್ಲಿ ಇನ್ನೂ ಹಳೇ ಟ್ಯೂಬ್‌ಲೈಟುಗಳು ಇರುವುದುಂಟು. ಚೋಕೂ ಸೇರಿ ಒಂದೊಂದು ಸುಮಾರು 50 ವ್ಯಾಟ್ ಎಳೆಯುತ್ತದೆ. ಅದೇ ಬೆಳಕನ್ನು 20 ವ್ಯಾಟಿನ ಎಲ್‌ಇಡಿ ಪಟ್ಟಿ ಕೊಡುತ್ತದೆ. ಸೂರ್ಯ ಕಾಣದ ಜಾಗವಾದ್ದರಿಂದ ದೀಪ ಇಪ್ಪತ್ನಾಲ್ಕು ಗಂಟೆಯೂ ಉರಿಯುತ್ತದೆ. 100 ಟ್ಯೂಬ್ ಬದಲಾಯಿಸಿದರೆ ವರ್ಷಕ್ಕೆ 26 ಸಾವಿರ ಯೂನಿಟ್ ಉಳಿಯುತ್ತದೆ. ಲೆಕ್ಕಕ್ಕೆ ಯೂನಿಟ್ಟಿಗೆ 6 ರೂಪಾಯಿ ಹಿಡಿಯಿರಿ, ಒಂದೂವರೆ ಲಕ್ಷ ರೂಪಾಯಿಗೂ ಮೇಲಾಯಿತು. ಹಾಕಿದ ದುಡ್ಡು ಕೆಲವೇ ತಿಂಗಳಲ್ಲಿ ವಾಪಸು ಬರುತ್ತದೆ. ಯಾರಾದರೂ ಓಡಾಡಿದಾಗ ಮಾತ್ರ ಪೂರ್ತಿ ಬೆಳಗುವ ಸೆನ್ಸರ್ ಜೋಡಿಸಿದರೆ ಉಳಿದ ಖರ್ಚಿನಲ್ಲೂ ದೊಡ್ಡ ಪಾಲು ಇಳಿಯುತ್ತದೆ. ಹೊಗೆ ಹೊರಹಾಕುವ ಫ್ಯಾನುಗಳದು ಇನ್ನೂ ಒಳ್ಳೆಯ ಲೆಕ್ಕ. ಫ್ಯಾನಿನ ವೇಗವನ್ನು ಶೇಕಡ 20ರಷ್ಟು ಇಳಿಸಿದರೆ ಅದು ಎಳೆಯುವ ಕರೆಂಟು ಹೆಚ್ಚುಕಡಿಮೆ ಅರ್ಧಕ್ಕೆ ಬರುತ್ತದೆ, ಯಾಕೆಂದರೆ ಶಕ್ತಿ ವೇಗದ ಘನಕ್ಕೆ ಅನುಗುಣವಾಗಿ ಏರಿಳಿಯುತ್ತದೆ. ಬೆಳಗ್ಗೆ ಕಾರುಗಳು ಹೊರಡುವಾಗ, ಸಂಜೆ ವಾಪಸು ಬರುವಾಗ ಬೇಕಾದ ಗಾಳಿ ಮಧ್ಯಾಹ್ನ ಮೂರು ಗಂಟೆಗೆ ಬೇಕಿಲ್ಲ.

ಎಸ್‌ಟಿಪಿಯ ವಿಷಯವನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು. ಬೆಂಗಳೂರಿನ ದೊಡ್ಡ ಅಪಾರ್ಟ್‌ಮೆಂಟುಗಳಲ್ಲಿ ಇದು ಕಡ್ಡಾಯ, ಮತ್ತು ಕಾಮನ್ ಬಿಲ್ಲಿನಲ್ಲಿ ಬಲು ದೊಡ್ಡ ಪಾಲು ಇದರದ್ದೇ. ಒಂದು ಕಟ್ಟಡದಲ್ಲಿ ನಾನು ಆ ಕೋಣೆಗೆ ಹೋದಾಗ ಮಾತು ಕೇಳಿಸದಷ್ಟು ಸದ್ದು. ಏಳೂವರೆ ಎಚ್‌ಪಿಯ ಬ್ಲೋವರ್ ತೊಟ್ಟಿಯ ತಳಕ್ಕೆ ಗಾಳಿ ಊದುತ್ತಿತ್ತು. ಕೊಳಚೆ ತಿನ್ನುವ ಸೂಕ್ಷ್ಮಜೀವಿಗಳಿಗೆ ಆಮ್ಲಜನಕ ಬೇಕಲ್ಲ, ಅದಕ್ಕೆ. ತೊಟ್ಟಿಯ ಒಂದು ಮೂಲೆಯಲ್ಲಿ ಮುಷ್ಟಿಗಾತ್ರದ ಗುಳ್ಳೆಗಳೆದ್ದು ನೀರು ಮರಳುತ್ತಿತ್ತು, ಉಳಿದ ಮುಕ್ಕಾಲು ಭಾಗ ಸುಮ್ಮನೆ ಮಲಗಿತ್ತು. ನೋಡಿದ ಕೂಡಲೇ ಗೊತ್ತಾಗುತ್ತದೆ: ತಳದಲ್ಲಿ ಗಾಳಿ ಬಿಡುವ ಡಿಫ್ಯೂಸರುಗಳ ರಬ್ಬರ್ ಪೊರೆ ಕಟ್ಟಿಕೊಂಡಿದೆ, ಒಂದು ಕಡೆ ಹರಿದಿದೆ. ಸಣ್ಣ ಗುಳ್ಳೆ ನೀರಿನಲ್ಲಿ ಹೆಚ್ಚು ಹೊತ್ತು ನಿಂತು ಆಮ್ಲಜನಕ ಕೊಡುತ್ತದೆ, ದೊಡ್ಡ ಗುಳ್ಳೆ ಮೇಲೆ ಬಂದು ಒಡೆದುಹೋಗುತ್ತದೆ. ಅಂದರೆ ಆ ಬ್ಲೋವರ್ ಊದುತ್ತಿದ್ದ ಗಾಳಿಯ ಬಹುಪಾಲು ವ್ಯರ್ಥ. ಆಪರೇಟರ್ ಹುಡುಗನನ್ನು "ದಿನಕ್ಕೆ ಎಷ್ಟು ಗಂಟೆ ಓಡಿಸ್ತೀಯಪ್ಪ?" ಎಂದು ಕೇಳಿದೆ. "ನಿಲ್ಸೋದೇ ಇಲ್ಲ ಮೇಡಂ. ನಿಲ್ಸಿದ್ರೆ ವಾಸ್ನೆ ಬರುತ್ತೆ, ಮೇಲಿನೋರು ಫೋನ್ ಮಾಡ್ತಾರೆ" ಅಂದ.

ಆ ಹುಡುಗ ಹೇಳಿದ್ದು ಅಪ್ಪಟ ಸತ್ಯ. ವಾಸನೆ ಬಂದರೆ ಬೈಸಿಕೊಳ್ಳುವವನು ಅವನು. ಯೂನಿಟ್ ಉಳಿದರೆ ಅವನಿಗೆ ಸಿಗುವುದೇನು? ಒಂದು ಆಮ್ಲಜನಕದ ಮೀಟರ್ ಕೊಟ್ಟು, ನೀರಿನಲ್ಲಿ ಲೀಟರಿಗೆ 2 ಮಿಲಿಗ್ರಾಂ ಇದ್ದರೆ ಸಾಕು, ಅದಕ್ಕಿಂತ ಮೇಲೆ ಹೋದಾಗ ಬ್ಲೋವರ್ ವೇಗ ಇಳಿಸು ಎಂದು ಅವನಿಗೆ ಹೇಳಿಕೊಟ್ಟವರಿಲ್ಲ. 5.6 ಕಿಲೋವ್ಯಾಟ್ ಮೋಟರು ಪೂರ್ಣ ಲೋಡಿನಲ್ಲಿ ದಿನಕ್ಕೆ 20 ಗಂಟೆ ಓಡಿದರೂ ತಿಂಗಳಿಗೆ 3,300 ಯೂನಿಟ್ ದಾಟುತ್ತದೆ, ಅಂದರೆ ಸುಮಾರು 20 ಸಾವಿರ ರೂಪಾಯಿ. ಅಲ್ಲಿ ಬೇಕಾಗಿದ್ದದ್ದು ಹೊಸ ಯಂತ್ರವಲ್ಲ, ಹೊಸ ರಬ್ಬರ್ ಪೊರೆ ಮತ್ತು ಅಳತೆಗೆ ಒಂದು ಉಪಕರಣ. ಅದನ್ನು ಕೊಳ್ಳುವ ತೀರ್ಮಾನ ಮಾತ್ರ ಒಂದು ಸಮಿತಿಯಿಂದ ಮುಂದಿನ ಸಮಿತಿಗೆ ದಾಟುತ್ತಲೇ ಹೋಗಿತ್ತು.

ಇನ್ನು ನೀರು. ಬೆಂಗಳೂರಿನಲ್ಲಿ ನೀರು ಬೇರೆ, ಕರೆಂಟು ಬೇರೆ ಅಲ್ಲ. ಕಾವೇರಿ ನೀರು ತೊರೆಕಾಡನಹಳ್ಳಿಯಿಂದ ಹಾರೋಹಳ್ಳಿ, ತಾತಗುಣಿಗಳ ಮೂಲಕ ಸುಮಾರು 100 ಕಿಲೋಮೀಟರ್ ದೂರ ಬರುತ್ತದೆ. ಹಂತಹಂತವಾಗಿ ಸುಮಾರು 500 ಮೀಟರ್ ಮೇಲೇರಿಸಿ ತರಬೇಕು. ಸಾವಿರ ಲೀಟರನ್ನು ಅಷ್ಟು ಎತ್ತರಕ್ಕೆ ಎತ್ತಲು ಭೌತಶಾಸ್ತ್ರದ ಲೆಕ್ಕದಲ್ಲೇ 1.36 ಯೂನಿಟ್ ಬೇಕು, ಪಂಪಿನ ನಷ್ಟ ಸೇರಿದರೆ 2 ಯೂನಿಟ್ಟಿನ ಹತ್ತಿರಕ್ಕೆ ಬರುತ್ತದೆ. ಸಾವಿರ ಅಡಿ ಬೋರ್‌ವೆಲ್ ನಂಬಿದವರ ಕಥೆಯೂ ಬೇರೆಯಲ್ಲ. 200 ಮನೆಗಳ ಕಟ್ಟಡದಲ್ಲಿ ಮನೆಗೆ ದಿನಕ್ಕೆ 500 ಲೀಟರ್ ಎಂದರೆ ಒಂದು ಲಕ್ಷ ಲೀಟರ್. 300 ಮೀಟರ್ ಆಳದಿಂದ ಅದನ್ನು ಮೇಲೆತ್ತಲು ಸಾಧಾರಣ ಸಬ್‌ಮರ್ಸಿಬಲ್ ಪಂಪಿಗೆ ದಿನಕ್ಕೆ 180 ಯೂನಿಟ್ ಆಸುಪಾಸು ಬೇಕು. ಅಲ್ಲಿಂದ ಸಂಪಿಗೆ, ಸಂಪಿನಿಂದ ಓವರ್‌ಹೆಡ್ ಟ್ಯಾಂಕಿಗೆ ಏರಿಸುವುದು ಬೇರೆ. 2024ರ ಬೇಸಿಗೆಯಲ್ಲಿ ನೀರಿನ ಬರ ಬಂದಾಗ ಜಲಮಂಡಳಿ ನಲ್ಲಿಗಳಿಗೆ ನೀರಿನ ಹರಿವು ತಗ್ಗಿಸುವ ಏರಿಯೇಟರ್ ಹಾಕಿಸಿ ಎಂದು ಆದೇಶ ಹೊರಡಿಸಿತು. ಅದನ್ನು ಎಲ್ಲರೂ ನೀರಿನ ಕ್ರಮವೆಂದೇ ತಿಳಿದರು. ನನ್ನ ಲೆಕ್ಕದಲ್ಲಿ ಅದು ಕರೆಂಟಿನ ಕ್ರಮವೂ ಹೌದು. ಪ್ರತಿ ಮನೆಗೂ ನೀರಿನ ಮೀಟರ್ ಕೂರಿಸಿದ ಕಟ್ಟಡಗಳಲ್ಲಿ ಪಂಪು ಓಡುವ ಗಂಟೆಗಳು ತಾನಾಗಿಯೇ ಇಳಿದದ್ದನ್ನು ನಾನು ಕಂಡಿದ್ದೇನೆ.

ಒಂದು ಎಚ್ಚರಿಕೆ. ವೇಗ ಬದಲಿಸುವ ಡ್ರೈವ್ ಮಾರಲು ಬರುವವರು ಎಲ್ಲ ಮೋಟರಿಗೂ ಒಂದೇ ಮಂತ್ರ ಹೇಳುತ್ತಾರೆ, ಅರ್ಧ ಕರೆಂಟು ಉಳಿಯುತ್ತದೆ ಎಂದು. ಫ್ಯಾನಿಗೆ ಅದು ನಿಜ. ನೇರ ಮೇಲಕ್ಕೆ ನೀರೆತ್ತುವ ಬೋರ್‌ವೆಲ್ ಪಂಪಿಗೆ ನಿಜವಲ್ಲ. ಅಲ್ಲಿ ಎತ್ತರವೇ ಖರ್ಚು, ವೇಗ ಇಳಿಸಿದರೆ ನೀರೇ ಮೇಲೆ ಬರುವುದಿಲ್ಲ. ಕೊಟೇಶನ್ನಿಗೆ ಸಹಿ ಹಾಕುವ ಮೊದಲು ಕಟ್ಟಡದಲ್ಲಿ ಯಾವ ಮೋಟರು ಯಾವ ಕೆಲಸ ಮಾಡುತ್ತಿದೆ ಎಂದು ಪಟ್ಟಿ ಮಾಡಿಕೊಳ್ಳಿ.

ಇಷ್ಟು ಸುಲಭದ ಉಳಿತಾಯ ಯಾಕೆ ಆಗುತ್ತಿಲ್ಲ? ಸರ್ಕಾರ ಕೊಡುವ ಪ್ರೋತ್ಸಾಹ ಯಾವ ಬಾಗಿಲಿಗೆ ಹೋಗುತ್ತದೆ ನೋಡೋಣ. ಗೃಹಜ್ಯೋತಿ ಯೋಜನೆ ಬಂದದ್ದು 2023ರಲ್ಲಿ. 2022-23ರ ಸರಾಸರಿ ಬಳಕೆಗೆ ಶೇಕಡ 10ರಷ್ಟು ಸೇರಿಸಿ, 200 ಯೂನಿಟ್ ಮಿತಿಯೊಳಗೆ ಮನೆಯ ಬಿಲ್ಲನ್ನು ಸರ್ಕಾರವೇ ಕಟ್ಟುತ್ತದೆ. ಬಡ ಮನೆಗಳಿಗೆ ಅದು ತಂದ ನೆಮ್ಮದಿ ದೊಡ್ಡದು, ಅದನ್ನು ಕಡಿಮೆಯೆಂದು ಹೇಳುವವಳಲ್ಲ ನಾನು. ಆದರೆ ಆ ಮಿತಿಯೊಳಗಿರುವ ಮನೆ ಹಳೇ 75 ವ್ಯಾಟಿನ ಫ್ಯಾನು ತೆಗೆದು 30 ವ್ಯಾಟಿನ ಬಿಎಲ್‌ಡಿಸಿ ಫ್ಯಾನು ಹಾಕಿದರೆ ಅದಕ್ಕೆ ಒಂದು ಪೈಸೆಯೂ ಉಳಿಯುವುದಿಲ್ಲ. ಬಿಲ್ಲು ಆಗಲೂ ಸೊನ್ನೆ, ಈಗಲೂ ಸೊನ್ನೆ. 2024ರ ಏಪ್ರಿಲ್‌ನಿಂದ ಮನೆಬಳಕೆಗೆ ಸ್ಲ್ಯಾಬ್ ಹೋಗಿ ಒಂದೇ ದರ ಬಂತು. ಹೆಚ್ಚು ಉರಿಸಿದರೆ ಹೆಚ್ಚು ದರ ಎಂಬ ಹಳೆಯ ಅಂಕುಶವೂ ಹೋಯಿತು. ಸೋಲಾರ್ ವಾಟರ್ ಹೀಟರ್ ಇದ್ದರೆ ಯೂನಿಟ್ಟಿಗೆ 50 ಪೈಸೆ, ತಿಂಗಳಿಗೆ ಹೆಚ್ಚೆಂದರೆ 50 ರೂಪಾಯಿ ರಿಯಾಯಿತಿ ಕೊಡುವ ಪದ್ಧತಿ ನಮ್ಮಲ್ಲಿ ಬಹುಕಾಲ ನಡೆದುಬಂದಿದೆ. ಬೆಂಗಳೂರಿನ ತಾರಸಿಗಳ ಮೇಲೆ ಅಷ್ಟು ಹೀಟರುಗಳು ಕಾಣುವುದಕ್ಕೆ ಈ ರಿಯಾಯಿತಿ ಮತ್ತು ಹೊಸ ಮನೆಗಳಿಗೆ ಅದನ್ನು ಕಡ್ಡಾಯ ಮಾಡಿದ ನಿಯಮ, ಎರಡೂ ಕಾರಣ. ಆದರೆ ಬಹುಮಹಡಿಯಲ್ಲಿ ಅದರ ಬಿಸಿನೀರು ಸಾಮಾನ್ಯವಾಗಿ ಮೇಲಿನ ಕೆಲವು ಮಹಡಿಗಳಿಗಷ್ಟೇ ತಲುಪುತ್ತದೆ. ಕೆಳಗಿನ ಮನೆಗಳಲ್ಲಿ ಎರಡು ಕಿಲೋವ್ಯಾಟಿನ ಗೀಸರ್ ಓಡುತ್ತಲೇ ಇರುತ್ತದೆ.

ಪ್ರಧಾನಮಂತ್ರಿ ಸೂರ್ಯಘರ್ ಯೋಜನೆ 2024ರ ಫೆಬ್ರವರಿಯಲ್ಲಿ ಬಂತು. ಒಂದು ಕೋಟಿ ಮನೆ ಅದರ ಗುರಿ, 75,021 ಕೋಟಿ ರೂಪಾಯಿ ಅದರ ವೆಚ್ಚ. ಸ್ವಂತ ತಾರಸಿ ಇರುವವರಿಗೆ ಮೊದಲ 2 ಕಿಲೋವ್ಯಾಟಿಗೆ ತಲಾ 30 ಸಾವಿರ, ಮೂರನೆಯದಕ್ಕೆ 18 ಸಾವಿರ, ಒಟ್ಟು 78 ಸಾವಿರದವರೆಗೆ ಸಹಾಯಧನ. ಅಪಾರ್ಟ್‌ಮೆಂಟಿನ ಸಂಘಕ್ಕಾದರೆ ಕಾಮನ್ ಬಳಕೆಗೆ ಕಿಲೋವ್ಯಾಟಿಗೆ 18 ಸಾವಿರ, ಮನೆಗೆ 3 ಕಿಲೋವ್ಯಾಟ್ ಲೆಕ್ಕದಲ್ಲಿ 500 ಕಿಲೋವ್ಯಾಟಿನವರೆಗೆ. ಇದು ನಿಜವಾಗಿ ಕಾಮನ್ ಮೀಟರನ್ನು ನೆನಪಿಟ್ಟುಕೊಂಡ ಯೋಜನೆ. 50 ಕಿಲೋವ್ಯಾಟ್ ಹಾಕಿದರೆ 9 ಲಕ್ಷ ರೂಪಾಯಿ ಬರುತ್ತದೆ, ವರ್ಷಕ್ಕೆ 70 ಸಾವಿರ ಯೂನಿಟ್ಟಿನಷ್ಟು ಉತ್ಪಾದನೆಯಾಗುತ್ತದೆ. ಅದಕ್ಕೆ ಸುಮಾರು 5,000 ಚದರಡಿ ನೆರಳಿಲ್ಲದ ತಾರಸಿ ಬೇಕು. ತಾರಸಿಯ ಮೇಲೆ ಆಗಲೇ ಟ್ಯಾಂಕು, ಲಿಫ್ಟಿನ ಕೋಣೆ, ಹೀಟರುಗಳು, ಮೇಲಿನ ಮಹಡಿಯವರು ತಮ್ಮದೆಂದು ಹೇಳುವ ತೋಟ. ಜಾಗವಿದ್ದರೂ ಉಳಿದ ಹದಿನಾರು ಹದಿನೇಳು ಲಕ್ಷ ಎಲ್ಲಿಂದ ತರುವುದು?

ಬ್ಯಾಂಕಿನವರು ಸಂಘದ ಕಾರ್ಯದರ್ಶಿಯನ್ನು ಕೇಳುವ ಮೊದಲ ಪ್ರಶ್ನೆ, ಸಾಲಗಾರ ಯಾರು? ಎರಡನೆಯದು, ಭದ್ರತೆ ಏನು? ಕರ್ನಾಟಕ ಅಪಾರ್ಟ್‌ಮೆಂಟ್ ಮಾಲೀಕತ್ವ ಕಾಯ್ದೆ 1972ರದು. ಅದರ ಪ್ರಕಾರ ಜಮೀನು, ತಾರಸಿ, ಮೆಟ್ಟಿಲು, ಪಂಪಿನ ಕೋಣೆ ಎಲ್ಲ ಮಾಲೀಕರೆಲ್ಲರ ಅವಿಭಾಜ್ಯ ಹಕ್ಕು. ನೂರಾರು ಜನರ ಅವಿಭಾಜ್ಯ ಹಕ್ಕನ್ನು ಅಡವಿಡುವುದು ಹೇಗೆ? ಎಷ್ಟೋ ಸಂಘಗಳು ಆ ಕಾಯ್ದೆಯಡಿ ಅಲ್ಲ, 1960ರ ಸಂಘಗಳ ನೋಂದಣಿ ಕಾಯ್ದೆಯಡಿ ನೋಂದಾಯಿಸಿಕೊಂಡಿವೆ. ಇನ್ನು ಕೆಲವು ನೋಂದಣಿಯೇ ಇಲ್ಲದೆ ವಾಟ್ಸ್‌ಆ್ಯಪ್ ಗುಂಪಿನ ಬಲದಲ್ಲಿ ನಡೆಯುತ್ತಿವೆ. ಅಲ್ಲಿಗೆ ಉಳಿಯುವುದು ಸಂಘದ ಮೀಸಲು ನಿಧಿ, ಅಂದರೆ ಕಾರ್ಪಸ್ ಫಂಡು. ಅದನ್ನು ಮುಟ್ಟಬೇಕೆಂದರೆ ಸರ್ವಸದಸ್ಯರ ಸಭೆಯಲ್ಲಿ ಜಗಳ, ಯಾಕೆಂದರೆ ಕಟ್ಟಡಕ್ಕೆ ಬಣ್ಣ ಹೊಡೆಸಲು ಅದೇ ಹಣ ಬೇಕು.

ಕೋಲಾರ, ಚಿಕ್ಕಬಳ್ಳಾಪುರದ ಕಡೆಯ ಕೆರೆಗಳಿಗೆ ನೀರುಗಂಟಿ ಇರುತ್ತಿದ್ದದ್ದನ್ನು ನಿಮ್ಮಲ್ಲಿ ಹಲವರು ಕಂಡಿರಬಹುದು. ಕೆರೆ ಊರಿಗೆಲ್ಲ ಸೇರಿದ್ದು. ಆದರೆ ತೂಬು ಎತ್ತುವವನು, ಯಾವ ಗದ್ದೆಗೆ ಯಾವಾಗ ಎಷ್ಟು ನೀರು ಎಂದು ನಿರ್ಧರಿಸುವವನು ಒಬ್ಬನೇ. ಸುಗ್ಗಿಯಲ್ಲಿ ಅವನಿಗೆ ಎಲ್ಲರ ಕಣದಿಂದಲೂ ಧಾನ್ಯದ ಪಾಲು ಹೋಗುತ್ತಿತ್ತು. ಬೆಳೆ ಚೆನ್ನಾಗಿ ಬಂದರೆ ಅವನಿಗೂ ಚೆನ್ನ. ಎಲ್ಲರಿಗೂ ಸೇರಿದ್ದಕ್ಕೆ ಒಬ್ಬ ಹೊಣೆಗಾರ, ಹೊಣೆಗಾರನಿಗೆ ಫಲದಲ್ಲಿ ಪಾಲು. ನಮ್ಮ ಅಪಾರ್ಟ್‌ಮೆಂಟಿನ ಕಾಮನ್ ಮೀಟರಿಗೆ ಇಲ್ಲದಿರುವುದು ಇದೇ. ಒಂದು ವರ್ಷದ ಅವಧಿಗೆ ಬಿಡುವಿನ ವೇಳೆಯಲ್ಲಿ ದುಡಿಯುವ ಸಮಿತಿ, ಸಂಬಳ ಮಾತ್ರ ಕಾಣುವ ಫೆಸಿಲಿಟಿ ಮ್ಯಾನೇಜರು, ಯೂನಿಟ್ಟು ಏರಿದರೂ ಇಳಿದರೂ ಇಬ್ಬರಿಗೂ ಲಾಭವಿಲ್ಲ, ನಷ್ಟವಿಲ್ಲ.

ಇದಕ್ಕೆ ಉಳಿತಾಯದಿಂದಲೇ ಹಣ ಪಡೆಯುವ ಕಂಪನಿಗಳು, ಎಸ್ಕೋ ಎನ್ನುತ್ತಾರೆ, ಒಂದು ಉತ್ತರ. ಕಂಪನಿಯೇ ಬಂಡವಾಳ ಹಾಕಿ ದೀಪ, ಮೋಟರು ಬದಲಾಯಿಸುತ್ತದೆ. ಉಳಿದ ಯೂನಿಟ್ಟಿನ ಹಣದಲ್ಲಿ ಒಪ್ಪಂದದಷ್ಟು ಪಾಲನ್ನು ಕೆಲವು ವರ್ಷ ತೆಗೆದುಕೊಳ್ಳುತ್ತದೆ. ನೀರುಗಂಟಿಯ ಪಾಲಿನ ಲೆಕ್ಕವೇ ಇದು. ಮೊದಲು ಎಷ್ಟು ಖರ್ಚಾಗುತ್ತಿತ್ತು ಎಂಬ ನಂಬಿಕಸ್ಥ ದಾಖಲೆ ಇದ್ದರೆ ಮಾತ್ರ ಒಪ್ಪಂದ ನಿಲ್ಲುತ್ತದೆ. ಬ್ಲೋವರಿಗೊಂದು, ಪಂಪಿಗೊಂದು, ಲಿಫ್ಟಿಗೊಂದು ಸಬ್‌ಮೀಟರ್ ಇಲ್ಲದ ಕಟ್ಟಡದಲ್ಲಿ ಎರಡನೇ ವರ್ಷಕ್ಕೇ ತಕರಾರು ಶುರುವಾಗುತ್ತದೆ.

ಇನ್ನೊಂದು ಉತ್ತರ ನಮ್ಮ ದೇಶದಲ್ಲೇ ಪರೀಕ್ಷೆಯಾಗಿದೆ. 2015ರಲ್ಲಿ ಉಜಾಲಾ ಯೋಜನೆ ಆರಂಭವಾಯಿತು. ಕರ್ನಾಟಕದಲ್ಲಿ ಅದು 'ಹೊಸ ಬೆಳಕು' ಎಂಬ ಹೆಸರಿನಲ್ಲಿ ಬಂತು. ಸರ್ಕಾರಿ ಸಂಸ್ಥೆ ಇಇಎಸ್‌ಎಲ್ ಸಗಟಾಗಿ ಕೊಂಡದ್ದರಿಂದ ಎಲ್‌ಇಡಿ ಬಲ್ಬಿನ ಖರೀದಿ ಬೆಲೆ 310 ರೂಪಾಯಿಯಿಂದ 38 ರೂಪಾಯಿಗೆ ಇಳಿಯಿತು. ದೇಶದಾದ್ಯಂತ 36 ಕೋಟಿಗೂ ಹೆಚ್ಚು ಬಲ್ಬುಗಳು ಹಂಚಿಕೆಯಾದವು. ನನಗೆ ಮುಖ್ಯವಾದ ಅಂಶ ಬೇರೆ. ಕೆಲವು ರಾಜ್ಯಗಳಲ್ಲಿ 10 ರೂಪಾಯಿ ಕೊಟ್ಟು ಬಲ್ಬು ಒಯ್ದು, ಉಳಿದದ್ದನ್ನು ಕರೆಂಟ್ ಬಿಲ್ಲಿನಲ್ಲೇ ಕಂತಾಗಿ ಕಟ್ಟಬಹುದಿತ್ತು. ಬ್ಯಾಂಕಿಲ್ಲ, ಅಡವಿಲ್ಲ. ಮೀಟರೇ ಸಾಲಗಾರ. ಬೆಂಗಳೂರಿಗೆ ಕರೆಂಟು ಕೊಡುವ ಕಂಪನಿ ಬೆಸ್ಕಾಂ ಇದನ್ನು ಕಾಮನ್ ಮೀಟರಿಗೆ ಅನ್ವಯಿಸಿದರೆ ಮೇಲೆ ಹೇಳಿದ ಬ್ಯಾಂಕಿನ ಎರಡೂ ಪ್ರಶ್ನೆಗಳಿಗೆ ಉತ್ತರ ಸಿಗುತ್ತದೆ. ಕಂತು ಬಿಲ್ಲಿನಲ್ಲಿ ಬರುತ್ತದೆ. ಉಳಿತಾಯ ಕಂತಿಗಿಂತ ಹೆಚ್ಚಿರುವಂತೆ ಹೊಂದಿಸಿದರೆ ಮೇಂಟೆನೆನ್ಸ್ ಒಂದು ರೂಪಾಯಿಯೂ ಏರುವುದಿಲ್ಲ. ಸಮಿತಿ ಬದಲಾದರೂ ಸಾಲ ಮೀಟರಿನ ಜೊತೆಯಲ್ಲೇ ಇರುತ್ತದೆ.

ಬಾಡಿಗೆದಾರರ ಮಾತು ಬಾಕಿಯಿದೆ. ನನಗೆ ಇದು ನ್ಯಾಯದ ಪ್ರಶ್ನೆ. ಗೀಸರ್, ಎಸಿ, ಫ್ಯಾನು ಕೊಳ್ಳುವವರು ಮಾಲೀಕರು, ಬಿಲ್ಲು ಕಟ್ಟುವವರು ಬಾಡಿಗೆದಾರರು. ಮಾಲೀಕರು ಒಂದು ಸ್ಟಾರಿನ ಅಗ್ಗದ ಎಸಿ ಹಾಕಿಸಿದರೆ ಅದರ ದಂಡ ತೆರುವುದು ಬಾಡಿಗೆಗೆ ಬಂದ ಹುಡುಗಿಯರು. ಕಾಮನ್ ಖರ್ಚಿನಲ್ಲೂ ಅಷ್ಟೆ, ಮೇಂಟೆನೆನ್ಸ್ ಅವರದು, ಸಭೆಯಲ್ಲಿ ಮತ ಮಾತ್ರ ಇಲ್ಲ. ಜರ್ಮನಿಯಲ್ಲಿ 2023ರ ಜನವರಿ 1ರಿಂದ ಇದಕ್ಕೊಂದು ಕಾನೂನಿದೆ. ಮನೆ ಬಿಸಿಮಾಡುವ ಇಂಧನದ ಮೇಲಿನ ಇಂಗಾಲದ ಶುಲ್ಕವನ್ನು ಮಾಲೀಕರು, ಬಾಡಿಗೆದಾರರು ಹತ್ತು ಹಂತಗಳಲ್ಲಿ ಹಂಚಿಕೊಳ್ಳಬೇಕು. ಕಟ್ಟಡ ಚೆನ್ನಾಗಿದ್ದು ಚದರ ಮೀಟರಿಗೆ ವರ್ಷಕ್ಕೆ 12 ಕಿಲೋಗಿಂತ ಕಡಿಮೆ ಇಂಗಾಲದ ಡೈಆಕ್ಸೈಡ್ ಬಿಟ್ಟರೆ ಪೂರ್ತಿ ಶುಲ್ಕ ಬಾಡಿಗೆದಾರರದು. 52 ಕಿಲೋ ಮತ್ತು ಅದಕ್ಕೂ ಮೇಲಿದ್ದರೆ ಶೇಕಡ 95ರಷ್ಟನ್ನು ಮಾಲೀಕರೇ ಕಟ್ಟಬೇಕು. ಕಟ್ಟಡ ಕೆಟ್ಟಷ್ಟೂ ಹೊಣೆ ಮಾಲೀಕರ ಕಡೆಗೆ ಸರಿಯುತ್ತದೆ. ನ್ಯೂಯಾರ್ಕ್ ನಗರ ದಂಡದ ದಾರಿ ಹಿಡಿದಿದೆ. 25,000 ಚದರಡಿಗೂ ದೊಡ್ಡ ಕಟ್ಟಡ ತನ್ನ ಮಿತಿ ಮೀರಿದರೆ ಪ್ರತಿ ಟನ್ನಿಗೆ 268 ಡಾಲರ್ ಕಟ್ಟಬೇಕು ಎಂಬ 2019ರ ಕಾನೂನಿನ ಮಿತಿಗಳು 2024ರಿಂದ ಜಾರಿಯಲ್ಲಿವೆ. ನಮ್ಮ ಹವೆ ಬೇರೆ, ನಮಗೆ ಮನೆ ಬಿಸಿಮಾಡುವ ಖರ್ಚಿಲ್ಲ, ಆ ಕಾನೂನುಗಳನ್ನು ಹಾಗೇ ಎತ್ತಿ ತರಲಾಗದು. ತರಬಹುದಾದದ್ದು ಒಂದು ಯೋಚನೆ: ಬದಲಾಯಿಸುವ ಅಧಿಕಾರ ಯಾರಿಗಿದೆಯೋ ಖರ್ಚಿನ ಬಿಸಿಯೂ ಅವರಿಗೆ ತಟ್ಟಬೇಕು.

ಹೊಸ ಕಟ್ಟಡಗಳ ವಿಷಯ ಬೇಗ ಮುಗಿಸುತ್ತೇನೆ. 2018ರ ಇಕೋ ನಿವಾಸ ಸಂಹಿತೆ ಗೋಡೆ, ಕಿಟಕಿಗಳ ಮೂಲಕ ಒಳಬರುವ ಶಾಖಕ್ಕೆ ಚದರ ಮೀಟರಿಗೆ 15 ವ್ಯಾಟ್ ಮಿತಿ ಹಾಕಿತು. ಇಂಧನ ಸಂರಕ್ಷಣಾ ಕಾಯ್ದೆಗೆ 2022ರಲ್ಲಿ ಆದ ತಿದ್ದುಪಡಿ 100 ಕಿಲೋವ್ಯಾಟ್ ಮತ್ತು ಅದಕ್ಕೂ ಹೆಚ್ಚಿನ ಲೋಡಿನ ವಸತಿ ಕಟ್ಟಡಗಳನ್ನೂ ಸಂಹಿತೆಯ ವ್ಯಾಪ್ತಿಗೆ ತಂದಿದೆ. ಮನೆಗೆ 3 ಕಿಲೋವ್ಯಾಟಿನಂತೆ 40 ಮನೆ ಸೇರಿದರೆ ಆ ಗೆರೆ ದಾಟಿತು. ಬೆಂಗಳೂರಿನ ಸಮಶೀತೋಷ್ಣ ಹವೆಯಲ್ಲಿ ಪಶ್ಚಿಮಕ್ಕೆ ಗೋಡೆಯುದ್ದ ಗಾಜು ಇಡದಿದ್ದರೆ, ತಾರಸಿಗೆ ಶಾಖ ತಡೆಯುವ ಪದರ ಹಾಕಿದರೆ ಎಸಿಯೇ ಬೇಕಾಗದ ಮನೆ ಕಟ್ಟಬಹುದು. ಮಹಾರಾಷ್ಟ್ರದ ಪಿಂಪ್ರಿ-ಚಿಂಚವಾಡ ಪಾಲಿಕೆ 'ಗೃಹ' (GRIHA) ಎಂಬ ಹಸಿರು ಕಟ್ಟಡದ ರೇಟಿಂಗ್ ಪಡೆದ ಕಟ್ಟಡದ ನಿವಾಸಿಗಳಿಗೆ ಆಸ್ತಿ ತೆರಿಗೆಯಲ್ಲಿ ರಿಯಾಯಿತಿ ಕೊಡುತ್ತದೆ. ನಮ್ಮ ನಗರವೂ ಅಂಥ ರಿಯಾಯಿತಿ ಕೊಡಬೇಕು. ಅದು ಬಿಲ್ಡರಿಗಷ್ಟೇ ಅಲ್ಲ, ಹಳೆಯ ಕಟ್ಟಡವನ್ನು ಸರಿಪಡಿಸಿಕೊಂಡು ಅಳತೆ ಮಾಡಿ ತೋರಿಸಿದ ಸಂಘಗಳಿಗೂ ಸಿಗಬೇಕು ಎಂದು ನನ್ನ ಒತ್ತಾಯ.

ಯಾವ ಯೋಜನೆಗೂ ಕಾಯದೆ ಮಾಡಬಹುದಾದದ್ದೂ ಇದೆ. ಬೆಸ್ಕಾಂ ಬಿಲ್ಲಿನಲ್ಲಿ ಯೂನಿಟ್ಟಿನ ಹಣದ ಜೊತೆಗೆ ನಿಗದಿತ ಶುಲ್ಕ ಎಂಬ ಸಾಲಿದೆ. ಅದು ಮಂಜೂರಾದ ಲೋಡಿನ ಮೇಲೆ ಬೀಳುತ್ತದೆ, ಕರೆಂಟು ಉರಿಸಲಿ ಬಿಡಲಿ ಕಟ್ಟಲೇಬೇಕು. ಬಿಲ್ಡರ್ ಬರೆಸಿಟ್ಟ ಲೋಡನ್ನು ಎಷ್ಟೋ ಸಂಘಗಳು ಈವರೆಗೂ ತಿರುಗಿ ನೋಡಿಲ್ಲ. ದೀಪ, ಮೋಟರು ಸುಧಾರಿಸಿದ ಮೇಲೆ ಬೇಡಿಕೆ ಇಳಿದಿದ್ದರೆ ಲೋಡು ಕಡಿಮೆ ಮಾಡಿಕೊಡಿ ಎಂದು ಅರ್ಜಿ ಹಾಕಬಹುದು. ಅದರ ಉಳಿತಾಯ ಪ್ರತಿ ತಿಂಗಳೂ ಬರುತ್ತದೆ.

ಮುಂದಿನ ಸರ್ವಸದಸ್ಯರ ಸಭೆಗೆ ಹನ್ನೆರಡು ತಿಂಗಳ ಕಾಮನ್ ಬಿಲ್ಲುಗಳನ್ನು ಒಂದೇ ಹಾಳೆಯಲ್ಲಿ ಮುದ್ರಿಸಿ ಹಂಚಿ. ಬಾಡಿಗೆದಾರರನ್ನೂ ಕರೆಯಿರಿ. ಮತ ಇಲ್ಲದಿದ್ದರೂ ಮಾತು ಇರಲಿ. ಆ ಮೀಟರನ್ನು ನೋಡಿಕೊಳ್ಳಲು ಒಬ್ಬರನ್ನು ಹೆಸರಿಸಿ, ಉಳಿದ ಹಣದಲ್ಲಿ ಆಪರೇಟರ್ ಹುಡುಗನಿಗೂ ಒಂದು ಪಾಲು ಎಂದು ಅದೇ ಸಭೆಯ ನಡಾವಳಿಯಲ್ಲಿ ಬರೆಸಿ. ಇವತ್ತು ಬಿಲ್ಲು ತಂದವರಿದ್ದರೆ ವೇದಿಕೆಯ ಹತ್ತಿರ ಬನ್ನಿ, ಇಲ್ಲೇ ಕೂತು ಒಂದೊಂದು ಸಾಲಾಗಿ ನೋಡೋಣ.